ಎಂಟು ವರ್ಷದ ಗಡಿ: ಬಾಲದುಡಿಮೆಯ ಶಾಸನಗಳ ಒಂದು ವಿಮರ್ಶೆ

ಚಾಣಕ್ಯಪುರಿಯ ಕರ್ನಾಟಕ ಭವನವು ಕೌಟಿಲ್ಯ ಮಾರ್ಗದಲ್ಲಿರುವುದು ಅರ್ಥಪೂರ್ಣವಾದ ಯೋಗಾಯೋಗ. ಬಹುಕಾಲ ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. ಅದರ ಮೂರನೆಯ ಅಧಿಕರಣದಲ್ಲಿ ಒಂದು ವಿಧಿಯಿದೆ: ಎಂಟು ವರ್ಷ ತುಂಬದ, ಬಂಧುಗಳಿಲ್ಲದ ದಾಸನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಹೀನಕಾರ್ಯಕ್ಕೆ ತೊಡಗಿಸಿದವನು ದಂಡಾರ್ಹನು, ಕೊಂಡವನಿಗೂ ಸಾಕ್ಷಿಯಾದವನಿಗೂ ದಂಡ ತಪ್ಪದು.

ಇಂಗ್ಲೆಂಡಿನ ಪಾರ್ಲಿಮೆಂಟು 1788ರಲ್ಲಿ ಹೊಗೆಗೂಡು ಗುಡಿಸುವ ಹುಡುಗರಿಗೆ ನಿಗದಿಪಡಿಸಿದ ಕನಿಷ್ಠ ವಯಸ್ಸೂ ಎಂಟೇ. ಈ ವೃತ್ತಿಯವರನ್ನು ಕಾಡುವ ಅರ್ಬುದ ರೋಗವನ್ನು ಪರ್ಸಿವಲ್ ಪಾಟ್ ಎಂಬ ವೈದ್ಯನು 1775ರಲ್ಲಿಯೇ ವಿವರಿಸಿದ್ದನು. 1803ರಲ್ಲಿ ಜಾರ್ಜ್ ಸ್ಮಾರ್ಟನು ಮಸಿ ತೆಗೆಯುವ ಯಂತ್ರವನ್ನೂ ನಿರ್ಮಿಸಿದನು. ಆದರೂ ವಾದ ನಿಲ್ಲಲಿಲ್ಲ. ಡೊಂಕು ಕೊಳವೆಗಳಲ್ಲಿ ಯಂತ್ರವು ಸಾಗದು, ಮಸಿ ಉಳಿದರೆ ಮನೆಗೆ ಬೆಂಕಿ ಬೀಳುವುದು ಎಂದು ವಿರೋಧಿಗಳು ಹೇಳಿದರು. 1819ರಲ್ಲಿ ಪ್ರಭುಗಳ ಸಭೆಯು ಸುಧಾರಣಾ ಮಸೂದೆಯನ್ನು ತಿರಸ್ಕರಿಸಿತು. ಇಲ್ಲಿ ತೂಗಿದ್ದು ಮನೆಯ ಕ್ಷೇಮ; ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮಗುವಿನ ಕ್ಷೇಮವನ್ನು ಇಡಲೇ ಇಲ್ಲ.

1840ರ ಶಾಸನವು 21 ವರ್ಷದೊಳಗಿನವರು ಹೊಗೆಗೂಡು ಹತ್ತುವುದನ್ನು ನಿಷೇಧಿಸಿತು. ಹಾಗಿದ್ದೂ 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕನು ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಸಿಲುಕಿ ಸತ್ತನು. ಅದೇ ವರ್ಷ ಲಾರ್ಡ್ ಶಾಫ್ಟ್ಸ್‌ಬರಿಯ ಪ್ರಯತ್ನದಿಂದ ಬಂದ ಶಾಸನವು ವೃತ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಮೇಲ್ವಿಚಾರಣೆಯನ್ನು ಪೊಲೀಸರಿಗೆ ವಹಿಸಿತು. ಅಲ್ಲಿಗೆ ಪದ್ಧತಿ ಅಳಿಯಿತು. ಎಂಬತ್ತೇಳು ವರ್ಷ ಕೊರತೆಯಾಗಿದ್ದುದು ವಯೋಮಿತಿಯಲ್ಲ, ಅದನ್ನು ಕಾಯುವ ಕೈ.

ಕೌಟಿಲ್ಯನ ವಿಧಿಯನ್ನಾದರೂ ಕೇವಲ ಅಭಿಮಾನದಿಂದ ಕೊಂಡಾಡುವುದು ವಿಮರ್ಶೆಯಾಗದು. ಅಪ್ರಾಪ್ತನನ್ನು ಮಾರಿದ ಬಂಧುವಿಗೆ ಅವನು ವಿಧಿಸಿದ ದಂಡ ಶೂದ್ರ ಬಾಲಕನಿಗೆ 12 ಪಣ, ಬ್ರಾಹ್ಮಣ ಬಾಲಕನಿಗೆ 48 ಪಣ. ಮಗುವಿನ ಬೆಲೆ ಕುಲದಿಂದ ನಿರ್ಧಾರವಾಯಿತು. ಈ ಅಸಮತೆಯ ದೂರದ ಫಲವನ್ನು ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಕಾಣಬಹುದು. ಅಲ್ಲಿ ತಂದೆಯ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ನಡೆಯುತ್ತಾರೆ. ಕಾದಂಬರಿ ಪ್ರಕಟವಾದ 1933ರಲ್ಲಿಯೇ ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ನಿಷೇಧಿಸುವ ಕಾಯಿದೆಯೂ ಬಂದಿತು. ಕಾಯಿದೆ ಒತ್ತೆಯ ಕರಾರನ್ನು ರದ್ದುಗೊಳಿಸಿತು. ಒತ್ತೆಯಿಡಿಸುವ ಭೂಹೀನತೆಯನ್ನು ತೋರಿಸಿದುದು ಕಾದಂಬರಿ.

ಸಂವಿಧಾನದ 24ನೆಯ ವಿಧಿ ಕಾರ್ಖಾನೆ, ಗಣಿ ಹಾಗೂ ಅಪಾಯಕರ ಉದ್ಯೋಗಗಳಿಂದ 14 ವರ್ಷದೊಳಗಿನವರನ್ನು ದೂರವಿರಿಸಿತು. 2016ರ ತಿದ್ದುಪಡಿ ಈ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಆದರೆ ಶಾಲೆಯ ವೇಳೆಯ ಹೊರಗೆ, ಅಪಾಯಕರವಲ್ಲದ ಕುಟುಂಬದ ಕಸುಬಿನಲ್ಲಿ ನೆರವಾಗಲು ಅವಕಾಶ ಕೊಟ್ಟಿತು. ಕುಲಕಸುಬಿನ ಕಲಿಕೆ ಅಳಿಯಬಾರದೆಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಸಾಲಗಾರನ ಮನೆಯೇ ಕಾರ್ಖಾನೆಯಾದಾಗ ಕಲಿಕೆ ಎಲ್ಲಿ ಮುಗಿದು ದುಡಿಮೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ನೋಡುವವರು ಯಾರು? ಇಂಗ್ಲೆಂಡಿನ ಹೊಗೆಗೂಡೂ ಮನೆಯೊಳಗೇ ಇದ್ದಿತು.