ಬಿಡದಿಯ ಗಾಡಿ, ಪಾವಗಡದ ಬಿಸಿಲು

ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನ ಸೊಗಸು ತಿಳಿಯಬೇಕಾದರೆ ತಾವರೆಕೆರೆಯಿಂದ ಪಾವಗಡದ ಕಡೆಗೆ ಓಡಿಸಬೇಕು. ಊರು ಬಂತೆಂದು ಬ್ರೇಕ್ ಮೇಲೆ ಕಾಲಿಟ್ಟರೆ ಮೋಟಾರೇ ಜನರೇಟರ್ ಆಗುತ್ತದೆ. ಸುಮ್ಮನೆ ಬಿಸಿಯಾಗಿ ಹೋಗುತ್ತಿದ್ದ ಶಕ್ತಿ ಬ್ಯಾಟರಿ ಸೇರುತ್ತದೆ, ಪರದೆಯ ಮೇಲಿನ ಬಾಣವೂ ಚಕ್ರದಿಂದ ಬ್ಯಾಟರಿಯತ್ತ ತಿರುಗುತ್ತದೆ. ಹಂಪ್ ದಾಟಿ ಹೊರಡುವಾಗ ಎಂಜಿನ್ ಸದ್ದಿಲ್ಲ, ಅದೇ ಕರೆಂಟು ಗಾಡಿ ಎಳೆಯುತ್ತದೆ. ಹಳ್ಳಿದಾರಿಯಲ್ಲಿ ಪೆಟ್ರೋಲ್ ಉಳಿಯುವುದು ಹೀಗೆ.

ಪಾವಗಡ ತಾಲ್ಲೂಕಿನ ತಿರುಮಣಿ ತಲುಪಿದರೆ ಮಾತೇ ಬೇರೆ: ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್. ಮಳೆ ಕೈಕೊಡುವ ಈ ನೆಲವನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಜಮೀನು ಅವರದೇ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆಯೂ ಅವರದೇ. ಜಮೀನಿಲ್ಲದ ಕೂಲಿಕಾರರಿಗೂ ಅದರಲ್ಲಿ ಪಾಲು ಸಿಗಬೇಕಿತ್ತು.