ನೆನಪಿನ ಪ್ರದಕ್ಷಿಣೆ: ‘ಅಮೆರಿಕನ್ ಗ್ರಫೀಟಿ’ ಚಿತ್ರದ ವಿಚಾರ

ಕಳೆದುಹೋದ ದಿನಗಳನ್ನು ನೆನೆದು ಹೇಳಿಕೊಳ್ಳುವುದು ಮನುಷ್ಯನಿಗೆ ಸ್ವಭಾವಸಿದ್ಧವಾದ ಸುಖ. ವಯಸ್ಸು ಏರಿದಂತೆ ಈ ಸುಖದ ಆಸೆಯೂ ಏರುತ್ತದೆ. ಆದರೆ ನೆನೆದುದೆಲ್ಲವೂ ಕಲೆಯಾಗಲಾರದು. ನಮ್ಮ ಆಲಂಕಾರಿಕರು ಸ್ಮೃತಿಯನ್ನು 33 ವ್ಯಭಿಚಾರಿಭಾವಗಳ ಪಂಕ್ತಿಯಲ್ಲಿ ಕುಳ್ಳಿರಿಸಿದ್ದಾರೆ. ಅದು ಬಂದು ಹೋಗುವ ಭಾವ. ಸ್ಥಾಯಿಯೊಂದನ್ನು ಆಶ್ರಯಿಸಿ ಅದಕ್ಕೆ ಪುಷ್ಟಿಯನ್ನೀಯಬಲ್ಲುದೇ ಹೊರತು ತಾನೊಂದೇ ರಸಪದವಿಗೆ ಏರಲಾರದು. ಹಾಗಾದರೆ ಆದಿಯಿಂದ ಅಂತ್ಯದವರೆಗೆ ನೆನಪಿನಿಂದಲೇ ಕಟ್ಟಿದ ಕೃತಿಯ ಗತಿಯೇನು? ಅದರಲ್ಲಿ ಸ್ಮೃತಿಯು ಯಾವುದನ್ನು ಆಶ್ರಯಿಸಿ ನಿಲ್ಲಬೇಕು? ಈ ಪ್ರಶ್ನೆಯನ್ನು ವಿಚಾರಿಸಲು ಅಮೆರಿಕದ ಒಂದು ಚಲಚ್ಚಿತ್ರವನ್ನು ಇಲ್ಲಿ ಎತ್ತಿಕೊಂಡಿದೆ. ಜಾರ್ಜ್ ಲ್ಯೂಕಸ್‌ರವರು ನಿರ್ದೇಶಿಸಿ, 1973ರ ಆಗಸ್ಟ್ ತಿಂಗಳಲ್ಲಿ ಹೊರಬಂದ ‘ಅಮೆರಿಕನ್ ಗ್ರಫೀಟಿ’ ಎಂಬುದು ಅದರ ಹೆಸರು. ಗ್ರಫೀಟಿ ಎಂದರೆ ಗೋಡೆಯ ಮೇಲೆ ಯಾರೋ ಗೀಚಿಟ್ಟು ಹೋದ ಬರಹ. ಹೆಸರಿನಲ್ಲಿಯೇ ಕೃತಿಯ ಆಶಯವು ಅಡಗಿದೆ: ಬರೆದವರು ಹೋಗಿದ್ದಾರೆ, ಗೀಚು ಉಳಿದಿದೆ.

ಚಿತ್ರದ ಒಳಹೊಗುವ ಮುನ್ನ ಅದರ ರಂಗಸ್ಥಳವನ್ನು ವಾಚಕರು ಅರಿತಿರಬೇಕು. ಮೋಟಾರಿನಿಂದ ಕೆಳಗಿಳಿಯದೆಯೇ ಉಣ್ಣಬಹುದಾದ ಉಪಾಹಾರಗೃಹಕ್ಕೆ ಆ ದೇಶದಲ್ಲಿ ಡ್ರೈವ್-ಇನ್ ಎಂದು ಹೆಸರು. 1921ರಲ್ಲಿ ಟೆಕ್ಸಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ ತೆರೆದ ‘ಪಿಗ್ ಸ್ಟ್ಯಾಂಡ್’ ಎಂಬುದನ್ನು ಇವುಗಳಲ್ಲಿ ಮೊದಲನೆಯದೆಂದು ಎಣಿಸುವುದು ವಾಡಿಕೆ. ಗಾಡಿಯು ಬಂದು ನಿಂತೊಡನೆ ಪರಿಚಾರಕಿಯು ಬಂದು ಬೇಕಾದುದನ್ನು ಕೇಳಿಕೊಂಡು ಹೋಗುವಳು. ತುಸು ಹೊತ್ತಿನಲ್ಲಿ ತಟ್ಟೆಯೊಂದನ್ನು ತಂದು ಗಾಡಿಯ ಕಿಟಕಿಗೆ ತಗುಲಿಹಾಕುವಳು. ಈ ಕೆಲಸದವರನ್ನು ಕಾರ್‌ಹಾಪ್ ಎಂದು ಕರೆಯುತ್ತಿದ್ದರು. ತಟ್ಟೆಯಲ್ಲಿ ಇರುತ್ತಿದ್ದುದು ಬಹುಮಟ್ಟಿಗೆ ಹ್ಯಾಂಬರ್ಗರ್, ಎಂದರೆ ಬನ್ನಿನ ಎರಡು ಹೋಳುಗಳ ನಡುವೆ ಇಟ್ಟ, ಕೊಚ್ಚಿದ ದನದ ಮಾಂಸದ ಬಿಲ್ಲೆ; ಜೊತೆಗೆ ಕರಿದ ಆಲೂಗೆಡ್ಡೆ ಮತ್ತು ಕೋಕಾಕೋಲ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಹದಿನಾರು ತುಂಬಿದ ಹುಡುಗನ ಕೈಗೂ ಹಳೆಯ ಗಾಡಿಯೊಂದು ಎಟುಕತೊಡಗಿತು, ಪೆಟ್ರೋಲು ಅಗ್ಗವಾಗಿದ್ದಿತು. ಸಂಜೆಯಾದೊಡನೆ ಡ್ರೈವ್-ಇನ್ನಿನಿಂದ ಹೊರಟು, ಊರಿನ ಹಿರಿಯ ಬೀದಿಯಲ್ಲಿ ಮೆಲ್ಲಮೆಲ್ಲನೆ ಸಾಗಿ, ತುದಿಯಲ್ಲಿ ತಿರುಗಿ, ಪುನಃ ಡ್ರೈವ್-ಇನ್ನಿಗೇ ಬರುವುದು. ಬಂದು ಪುನಃ ಹೊರಡುವುದು. ಇದಕ್ಕೆ ಕ್ರೂಸಿಂಗ್ ಎಂದು ಹೆಸರು. ಸೇರಬೇಕಾದ ಊರಿಲ್ಲ, ಮುಗಿಸಬೇಕಾದ ಕೆಲಸವಿಲ್ಲ. ನೋಡುವುದು, ನೋಡಿಸಿಕೊಳ್ಳುವುದು, ಇಷ್ಟೇ ಅದರ ಪ್ರಯೋಜನ.

ಲ್ಯೂಕಸ್‌ರವರು 1944ರಲ್ಲಿ ಕ್ಯಾಲಿಫೋರ್ನಿಯದ ಮೊಡೆಸ್ಟೋ ಎಂಬ ಊರಿನಲ್ಲಿ ಜನಿಸಿದರು. ಹರೆಯದಲ್ಲಿ ಈ ಸುತ್ತಾಟದ ಸುಖವನ್ನು ಅವರು ತಾವೇ ಉಂಡವರು. 1962ರ ಜೂನ್ ತಿಂಗಳಲ್ಲಿ, ಹೈಸ್ಕೂಲಿನ ವಿದ್ಯಾಭ್ಯಾಸವು ಮುಗಿಯಲು ಕೆಲವೇ ದಿನಗಳು ಉಳಿದಿದ್ದಾಗ, ಅವರ ಪುಟ್ಟ ಗಾಡಿಯು ಅಪಘಾತಕ್ಕೆ ಸಿಕ್ಕಿ ಅವರು ಸಾವಿನ ದವಡೆಯಿಂದ ಪಾರಾದರು. ಚಿತ್ರದ ಕಥೆಯು ನಡೆಯುವುದೂ ಅದೇ ಮೊಡೆಸ್ಟೋದಲ್ಲಿ, ಅದೇ 1962ರಲ್ಲಿ, ಬೇಸಗೆಯ ರಜವು ಮುಗಿಯುವ ಒಂದೇ ಒಂದು ರಾತ್ರಿಯಲ್ಲಿ. ಗ್ಲೋರಿಯಾ ಕಾಟ್ಸ್ ಮತ್ತು ವಿಲ್ಲರ್ಡ್ ಹೈಕ್ ಎಂಬ ದಂಪತಿಗಳು ಚಿತ್ರಕಥೆಯ ರಚನೆಯಲ್ಲಿ ಅವರೊಡನೆ ಸೇರಿದರು. 1972ರಲ್ಲಿ ಚಿತ್ರೀಕರಣವು ನಡೆದುದು ಬಹುಪಾಲು ಪೆಟಲೂಮ ಎಂಬ ಬೇರೆ ಊರಿನ ಬೀದಿಗಳಲ್ಲಿ. ಡ್ರೈವ್-ಇನ್ನಿನ ದೃಶ್ಯಗಳಿಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ‘ಮೆಲ್ಸ್’ ಎಂಬ ಗೃಹವನ್ನು ಬಳಸಿಕೊಂಡರು.

ಕಥೆಯು ನಾಲ್ವರು ಗೆಳೆಯರದು. ಕರ್ಟ್ ಮತ್ತು ಸ್ಟೀವ್ ಮರುದಿನ ಬೆಳಗ್ಗೆ ವಿಮಾನವೇರಿ ದೂರದ ಕಾಲೇಜಿಗೆ ಹೋಗಬೇಕಾದವರು. ಮಿಲ್ನರ್ ಅವರಿಗಿಂತ ಹಿರಿಯ. 1932ರ ಫೋರ್ಡ್ ಗಾಡಿಯನ್ನು ತಿದ್ದಿ ತೀಡಿ, ಪಂದ್ಯದಲ್ಲಿ ಯಾರಿಗೂ ಸೋಲದವನೆಂದು ಹೆಸರಾದವನು. ಟೆರಿ ಕನ್ನಡಕದ ಹುಡುಗ, ಎಲ್ಲರ ನಗೆಗೂ ಗುರಿ. ಹೋಗಬೇಕೆ, ಇರಬೇಕೆ ಎಂಬ ತೂಗಾಟದಲ್ಲಿದ್ದ ಕರ್ಟನು ಬಿಳಿಯ ಗಾಡಿಯೊಂದರಲ್ಲಿ ಕ್ಷಣಕಾಲ ಕಂಡ ಹೆಣ್ಣನ್ನು ರಾತ್ರಿಯೆಲ್ಲ ಅರಸುತ್ತಾನೆ. ಬೆಳಗಾದಾಗ ಹೋಗಲೇಬೇಕೆಂದಿದ್ದ ಸ್ಟೀವನು ಉಳಿಯುತ್ತಾನೆ. ಸಂಶಯದಲ್ಲಿದ್ದ ಕರ್ಟನು ಹೋಗುತ್ತಾನೆ. ವಿಮಾನದ ಕಿಟಕಿಯಿಂದ ನೋಡಿದರೆ ಕೆಳಗಿನ ರಸ್ತೆಯಲ್ಲಿ ಆ ಬಿಳಿಯ ಗಾಡಿಯು ಓಡುತ್ತಿದೆ. ಆ ಹೆಣ್ಣು ಯಾರೆಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು.

ಇಂತಹ ವಸ್ತುವಿನಲ್ಲಿ ಉದ್ದೀಪನಸಾಮಗ್ರಿಗೆ ಕೊರತೆಯಿಲ್ಲ. ಬಣ್ಣದ ನಿಯಾನ್ ದೀಪ, ಮಿರುಗುವ ಗಾಡಿಗಳು, ಆ ಕಾಲದ ಹಾಡುಗಳು, ಎಲ್ಲವೂ ಕೈಗೆ ಸಿಕ್ಕುವಂತಿವೆ. ಅಪಾಯವಿರುವುದೂ ಇಲ್ಲಿಯೇ. ಉದ್ದೀಪನವು ಹೆಚ್ಚಿದಷ್ಟೂ ಆಲಂಬನವು, ಎಂದರೆ ಮನುಷ್ಯನು, ಮರೆಯಾಗುವ ಸಂಭವವುಂಟು. ಲ್ಯೂಕಸ್‌ರವರು ಈ ಅಪಾಯವನ್ನು ಬಹುಮಟ್ಟಿಗೆ ದಾಟಿದ್ದಾರೆ. ಚಿತ್ರದಲ್ಲಿ 40ಕ್ಕೂ ಹೆಚ್ಚು ಹಾಡುಗಳು ಕೇಳಿಬರುತ್ತವೆ. ಅವು ಬರುವುದು ಪ್ರಾಯಶಃ ಗಾಡಿಗಳ ರೇಡಿಯೋಗಳಿಂದ. ಒಂದು ಗಾಡಿಯಿಂದ ಹೊರಟ ಹಾಡು ಮುಂದಿನ ಗಾಡಿಯಲ್ಲಿ ಮುಂದುವರಿಯುತ್ತದೆ. ಶಬ್ದಸಂಯೋಜಕರಾದ ವಾಲ್ಟರ್ ಮರ್ಚ್‌ರವರು ಹಾಡುಗಳನ್ನು ಬಯಲಿನಲ್ಲಿ ನುಡಿಸಿ ಮರಳಿ ಮುದ್ರಿಸಿಕೊಂಡರು. ಆದುದರಿಂದ ಅವು ದೂರದ ಬೀದಿಯಿಂದ ತೇಲಿಬಂದಂತೆ ಕೇಳುತ್ತವೆ. ಊರೆಲ್ಲವನ್ನೂ ಒಂದೇ ಗಾನವು ಸುತ್ತುವರಿದಂತಾಗಿ, ಬೇರೆ ಬೇರೆಯಾಗಿ ಅಲೆಯುವ ನಾಲ್ವರ ಕಥೆಗೂ ಏಕತೆಯು ಒದಗುತ್ತದೆ.

ಆ ರೇಡಿಯೋದ ದನಿ ವುಲ್ಫ್‌ಮನ್ ಜ್ಯಾಕ್ ಎಂಬವನದು. ಅವನು ಎಲ್ಲಿರುವನೆಂಬುದನ್ನು ಹುಡುಗರು ಅರಿಯರು. ಒಬ್ಬೊಬ್ಬರು ಒಂದೊಂದು ಕಥೆಯನ್ನು ಹೇಳುತ್ತಾರೆ. ಕರ್ಟನು ಅವನನ್ನು ಹುಡುಕಿಕೊಂಡು ಊರ ಹೊರಗಿನ ಪುಟ್ಟ ರೇಡಿಯೋ ನಿಲಯಕ್ಕೆ ಹೋದರೆ, ಅಲ್ಲಿ ಗಡ್ಡದವನೊಬ್ಬನು ಕೆಟ್ಟುಹೋದ ಪೆಟ್ಟಿಗೆಯಲ್ಲಿ ಕರಗುತ್ತಿದ್ದ ಐಸ್‌ಕ್ಯಾಂಡಿಗಳನ್ನು ತಿನ್ನುತ್ತ ಕುಳಿತಿದ್ದಾನೆ. ವುಲ್ಫ್‌ಮನ್ ಇಲ್ಲಿಲ್ಲವೆಂದು ಹೇಳಿ ಕಳುಹಿಸುತ್ತಾನೆ. ಬಾಗಿಲು ದಾಟುವಾಗ ಕರ್ಟನು ತಿರುಗಿ ನೋಡಿದರೆ, ಗಾಜಿನ ಆಚೆ ಅದೇ ಗಡ್ಡದವನು ಆ ಜಗತ್ಪ್ರಸಿದ್ಧವಾದ ದನಿಯಲ್ಲಿ ಮಾತನಾಡುತ್ತಿದ್ದಾನೆ. ದೂರದಲ್ಲಿ ದೇವತೆಯಂತೆ ತೋರುವುದು ಹತ್ತಿರಕ್ಕೆ ಹೋದರೆ ನಮ್ಮಂತೆಯೇ ದಣಿದ ಮನುಷ್ಯ: ಕರ್ಟನು ಊರನ್ನು ಬಿಡಲು ಧೈರ್ಯಮಾಡುವುದಕ್ಕೆ ಈ ಅರಿವೇ ಕಾರಣವೆಂದು ನನ್ನ ಭಾವನೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸಂದರ್ಭವು ಮತ್ತೊಂದಿಲ್ಲ.

ಇನ್ನು ಸ್ಥಾಯಿಯ ವಿಚಾರ. ಮೇಲುನೋಟಕ್ಕೆ ಚಿತ್ರವು ಹಾಸ್ಯ ಶೃಂಗಾರಗಳ ಮಿಶ್ರಣ. ಆದರೆ ಕೊನೆಗೆ, ವಿಮಾನವು ಆಕಾಶದಲ್ಲಿ ಕರಗುತ್ತಿರುವಾಗ, ನಾಲ್ವರ ಮುಂದಿನ ಗತಿಯು ಕೆಲವೇ ಮಾತುಗಳಲ್ಲಿ ತೆರೆಯ ಮೇಲೆ ಮೂಡುತ್ತದೆ. ಮಿಲ್ನರ್ 1964ರ ಡಿಸೆಂಬರಿನಲ್ಲಿ ಕುಡಿದವನೊಬ್ಬನ ಗಾಡಿಗೆ ಸಿಕ್ಕಿ ಸತ್ತನು. ಟೆರಿ 1965ರ ಡಿಸೆಂಬರಿನಲ್ಲಿ ವಿಯಟ್ನಾಮಿನ ಆನ್ ಲಾಕ್ ಬಳಿ ಕಾಣೆಯಾದನು. ಸ್ಟೀವ್ ಮೊಡೆಸ್ಟೋದಲ್ಲಿಯೇ ವಿಮಾ ಏಜೆಂಟನಾಗಿದ್ದಾನೆ. ಕರ್ಟ್ ಕೆನಡದಲ್ಲಿ ನೆಲಸಿ ಬರೆಹಗಾರನಾಗಿದ್ದಾನೆ. ಇದನ್ನು ಓದಿದ ಮರುಕ್ಷಣವೇ ಹಿಂದಿನ ರಾತ್ರಿಯೆಲ್ಲವೂ ಬೇರೆಯ ಬೆಳಕಿನಲ್ಲಿ ತೋರುತ್ತದೆ. ನಕ್ಕ ನಗುವೇ ಶೋಕಕ್ಕೆ ಸಾಮಗ್ರಿಯಾಗುತ್ತದೆ. ಕರುಣವು ಅಂಗಿ, ಹಾಸ್ಯ ಶೃಂಗಾರಗಳು ಅಂಗ ಎಂಬುದು ಆಗ ಸ್ಪಷ್ಟಪಡುತ್ತದೆ.

ಈ ಮುಕ್ತಾಯವು ಹೊರಗಿನಿಂದ ತಂದು ಅಂಟಿಸಿದುದೆಂದು ಆಕ್ಷೇಪಿಸಬಹುದು. ಅದು ಸರಿಯಲ್ಲ. ನಡುರಾತ್ರಿಯಲ್ಲಿ ಮಿಲ್ನರನು, ತನ್ನ ಗಾಡಿಗೆ ಆಕಸ್ಮಿಕವಾಗಿ ಗಂಟುಬಿದ್ದ ಕ್ಯಾರಲ್ ಎಂಬ ಎಳೆಯ ಹುಡುಗಿಯೊಡನೆ, ಜಜ್ಜಿಹೋದ ಗಾಡಿಗಳನ್ನು ರಾಶಿಹಾಕಿರುವ ಅಂಗಳದಲ್ಲಿ ನಡೆಯುತ್ತಾನೆ. ಯಾವ ಗಾಡಿಯಲ್ಲಿ ಯಾರು ಸತ್ತರೆಂಬುದನ್ನು ಒಂದೊಂದಾಗಿ ಹೇಳುತ್ತಾನೆ. ನಸುಕಿನ ಪಂದ್ಯದಲ್ಲಿ ಎದುರಾಳಿಯ ಗಾಡಿಯು ಉರುಳಿ ಹೊತ್ತಿಕೊಂಡಾಗ, ತಾನು ಸೋಲುತ್ತಲಿದ್ದೆನೆಂದು ಮಿಲ್ನರನೇ ಬಲ್ಲನು. ಟೆರಿ ಅದನ್ನು ಒಪ್ಪುವುದಿಲ್ಲ. ಗೆಳೆಯನ ಸಮಾಧಾನಕ್ಕಾಗಿ ಮಿಲ್ನರನು ಸುಮ್ಮನಾಗುತ್ತಾನೆ. ಸಾವು ಮೊದಲಿನಿಂದಲೂ ಆ ಬೀದಿಯಲ್ಲಿಯೇ ಸುತ್ತುತ್ತಿದ್ದಿತು. ಕವಿಯು ಅದನ್ನು ಕಡೆಗೆ ಹೆಸರು ಹಿಡಿದು ಕರೆದನು, ಅಷ್ಟೆ.

ಗುಣಗಳನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಆ ಕಡೆಯ ಬರಹದಲ್ಲಿ ಗಂಡಸರ ಗತಿ ಮಾತ್ರ ಉಂಟು. ಸ್ಟೀವನನ್ನು ಊರಿನಲ್ಲಿ ಉಳಿಸಿಕೊಂಡ ಲಾರಿ ಏನಾದಳು? ಟೆರಿಯನ್ನು ಒಂದು ರಾತ್ರಿಯ ಮಟ್ಟಿಗೆ ಮನುಷ್ಯನನ್ನಾಗಿ ಮಾಡಿದ ಡೆಬಿ ಏನಾದಳು? ಸತ್ತವರ ಪಟ್ಟಿಯನ್ನು ಅಷ್ಟು ಗಂಭೀರವಾಗಿ ಕೇಳಿದ ಕ್ಯಾರಲ್ ಏನಾದಳು? ಪಾಲೀನ್ ಕೇಲ್ ಎಂಬ ಪ್ರಸಿದ್ಧ ವಿಮರ್ಶಕಿಯು ಚಿತ್ರವು ಬಂದಾಗಲೇ ಈ ಲೋಪವನ್ನು ಎತ್ತಿ ತೋರಿಸಿದ್ದರು. ಆಕ್ಷೇಪವು ನ್ಯಾಯವಾದುದು. ರಾತ್ರಿಯನ್ನು ಹಂಚಿಕೊಂಡವರಿಗೆ ನೆನಪಿನಲ್ಲಿ ಪಾಲು ದೊರೆಯಲಿಲ್ಲ.

ಇದಕ್ಕಿಂತ ಆಳವಾದ ಲೋಪವೊಂದುಂಟು. ಚಿತ್ರದಲ್ಲಿ ಕೇಳಿಬರುವ ದನಿಗಳಲ್ಲಿ ಚಕ್ ಬೆರಿ, ಫ್ಯಾಟ್ಸ್ ಡಾಮಿನೋ, ಫ್ರ್ಯಾಂಕಿ ಲೈಮನ್, ‘ಪ್ಲ್ಯಾಟರ್ಸ್’, ‘ಫ್ಲೆಮಿಂಗೋಸ್’ ಮೊದಲಾದ ಆಫ್ರಿಕನ್ ಮೂಲದ ಗಾಯಕರ ದನಿಗಳು ಬಹಳ. ಆದರೆ ತೆರೆಯ ಮೇಲಿನ ಪ್ರಧಾನ ಪಾತ್ರಗಳಲ್ಲಿ ಅವರ ಜನಾಂಗದವರು ಒಬ್ಬರೂ ಇಲ್ಲ. ದನಿಗೆ ಪ್ರವೇಶವುಂಟು, ಮುಖಕ್ಕಿಲ್ಲ. ಇದು ಬರಿಯ ಆಕಸ್ಮಿಕವೆನ್ನುವಂತಿಲ್ಲ. ಚಿತ್ರದ ಕಥೆಯು ನಡೆದ ಮರುವರ್ಷ, 1963ರ ಶರತ್ಕಾಲದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ಸ್ ಡ್ರೈವ್-ಇನ್ನುಗಳ ಮುಂದೆ ತರುಣ ತರುಣಿಯರು ಪಿಕೆಟಿಂಗ್ ನಡೆಸಿದರು. ಗಿರಾಕಿಗಳ ಕಣ್ಣಿಗೆ ಬೀಳುವ ಕೆಲಸಗಳಿಗೆ ಅಲ್ಲಿ ಕಪ್ಪು ಜನರನ್ನು ತೆಗೆದುಕೊಳ್ಳುವುದಿಲ್ಲವೆಂಬುದು ಅವರ ದೂರು. ನೂರಕ್ಕೂ ಹೆಚ್ಚು ಮಂದಿ ದಸ್ತಗಿರಿಯಾದರು. ಮಾಲೀಕರಲ್ಲೊಬ್ಬರಾದ ಹೆರಾಲ್ಡ್ ಡಾಬ್ಸ್‌ರವರು ಅದೇ ನವೆಂಬರಿನಲ್ಲಿ ನಗರದ ಮೇಯರ್ ಪದವಿಗೆ ಸ್ಪರ್ಧಿಸಿ ಸೋತರು. ಆ ಬಳಿಕ ಸಂಸ್ಥೆಯು ಕಪ್ಪು ಜನರಿಗೆ ಕೆಲಸ ಕೊಡಲು ಒಪ್ಪಿತು. ಹತ್ತು ವರ್ಷಗಳ ತರುವಾಯ ಅದೇ ಮೆಲ್ಸ್‌ನ ದೀಪಗಳು ಚಿತ್ರದಲ್ಲಿ ನಿರ್ದೋಷವಾದ ಕಾಲದ ಗುರುತಾಗಿ ಬೆಳಗಿದವು. ಹುಡುಗರು ರಾತ್ರಿಯೆಲ್ಲ ಯಾವ ಗುಡಿಗೆ ಪ್ರದಕ್ಷಿಣೆ ಬಂದರೋ ಅದರ ಬಾಗಿಲಲ್ಲಿ ನಿಂತವರು ನೆನಪಿಗೆ ಬರಲಿಲ್ಲ.

ಸುತ್ತಾಟವೂ ಅವರೊಬ್ಬರದೇ ಸ್ವತ್ತಾಗಿರಲಿಲ್ಲ. ಲಾಸ್ ಏಂಜಲಿಸ್ ನಗರದ ಪೂರ್ವಭಾಗದ ವಿಟಿಯರ್ ಬುಲೆವಾರ್ಡ್‌ನಲ್ಲಿ ಮೆಕ್ಸಿಕನ್ ಮೂಲದ ತರುಣರು ತಮ್ಮದೇ ಆದ ಪದ್ಧತಿಯನ್ನು ಬೆಳೆಸಿದರು. ಮಿಲ್ನರನಿಗೆ ವೇಗವೇ ಹೆಮ್ಮೆ. ಇವರಿಗೆ ನಿಧಾನವೇ ಹೆಮ್ಮೆ. ಗಾಡಿಯ ಒಡಲನ್ನು ನೆಲಕ್ಕೆ ತಾಗುವಷ್ಟು ಇಳಿಸಿ ಮೆಲ್ಲನೆ ನಡೆಸುವುದು ಅವರ ಶೃಂಗಾರ. 1958ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾನೂನು ಹೀಗೆ ಇಳಿಸುವುದಕ್ಕೆ ಮಿತಿಯನ್ನು ಹಾಕಿತು. 1980ರ ದಶಕದಿಂದ ಮುಂದಕ್ಕೆ ಹಲವು ಊರುಗಳು ಸುತ್ತಾಟವನ್ನೇ ನಿಷೇಧಿಸಿದವು. 2023ರಲ್ಲಿ ಅಂಗೀಕೃತವಾಗಿ 2024ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಶಾಸನವು ಈ ಎರಡು ನಿರ್ಬಂಧಗಳನ್ನೂ ತೆಗೆದುಹಾಕಿತು. ಒಬ್ಬರಿಗೆ ಮಧುರಸ್ಮರಣೆಯಾದ ವಿಹಾರವು ಮತ್ತೊಬ್ಬರಿಗೆ ಬಹುಕಾಲ ಅಪರಾಧವಾಗಿದ್ದಿತೆಂಬುದನ್ನು ಮರೆಯಲಾಗದು.

ನೆನಪು ಮಾರಾಟದ ಸರಕಾಗುವುದು ಹೇಗೆಂಬುದನ್ನೂ ಈ ಚಿತ್ರದ ಚರಿತ್ರೆಯೇ ಹೇಳುತ್ತದೆ. ವಾಸ್ತವವಾಗಿ ಡ್ರೈವ್-ಇನ್ನಿನ ಅವಸಾನವು ಬಹಳ ಹಿಂದೆಯೇ ಮೊದಲಾಗಿದ್ದಿತು. ಸ್ಯಾನ್ ಬರ್ನಾರ್ಡಿನೋದ ಮೆಕ್‌ಡೊನಾಲ್ಡ್ ಸೋದರರು 1948ರಲ್ಲಿ ತಮ್ಮ ಗೃಹದ ಕಾರ್‌ಹಾಪ್‌ಗಳನ್ನೆಲ್ಲ ಬಿಡಿಸಿ, ಗಿರಾಕಿಯೇ ಕಿಂಡಿಗೆ ಬಂದು 15 ಸೆಂಟಿಗೆ ಹ್ಯಾಂಬರ್ಗರನ್ನು ಕೊಳ್ಳುವ ಏರ್ಪಾಡನ್ನು ಮಾಡಿದರು. ಸುತ್ತಾಡಿ ಬಂದು ಗುಂಪುಗೂಡುವ ಹುಡುಗರನ್ನು ದೂರವಿಡುವುದೂ ಅವರ ಉದ್ದೇಶಗಳಲ್ಲೊಂದು. ಚಿತ್ರವು ತೆರೆಕಂಡ ಎರಡೇ ತಿಂಗಳಿಗೆ, 1973ರ ಅಕ್ಟೋಬರಿನಲ್ಲಿ, ಅರಬ್ ದೇಶಗಳು ಎಣ್ಣೆಯ ಸರಬರಾಜನ್ನು ತಡೆಹಿಡಿದವು. ಗೊತ್ತುಗುರಿಯಿಲ್ಲದೆ ಪೆಟ್ರೋಲನ್ನು ಸುಡುವ ಸುಖವು ಕನಸಾಯಿತು. ಚಿತ್ರೀಕರಣವಾದ ಡ್ರೈವ್-ಇನ್ನನ್ನು ಮುಂದೆ ಕೆಡವಿದರು. ಆದರೆ ಮೆಲ್ ವೈಸ್‌ರವರ ಮಗ 1985ರಲ್ಲಿ ಅದೇ ಹೆಸರಿನ ಉಪಾಹಾರಗೃಹಗಳನ್ನು ಹಳೆಯ ಸೊಬಗಿನಲ್ಲಿ ಮತ್ತೆ ತೆರೆದರು. 1974ರಲ್ಲಿ ಮೊದಲಾದ ‘ಹ್ಯಾಪಿ ಡೇಸ್’ ಎಂಬ ದೂರದರ್ಶನಮಾಲೆಯು ಇದೇ ಸಾಮಗ್ರಿಯಿಂದ ವರ್ಷಗಟ್ಟಲೆ ನಗೆಯನ್ನು ಹಂಚಿತು. ಚಿತ್ರದಲ್ಲಿ ಸ್ಟೀವನ ಪಾತ್ರವನ್ನು ವಹಿಸಿದ ರಾನ್ ಹವರ್ಡ್‌ರವರೇ ಅದರಲ್ಲಿಯೂ ನಟಿಸಿದರು. ಈ ಅನುಕರಣಗಳಲ್ಲಿ ನಿಯಾನ್ ಉಂಟು, ಹಾಡು ಉಂಟು, ಗಾಡಿ ಉಂಟು. ಜಜ್ಜಿದ ಗಾಡಿಗಳ ಅಂಗಳವಿಲ್ಲ. ಉದ್ದೀಪನವನ್ನು ಉಳಿಸಿಕೊಂಡು ಸ್ಥಾಯಿಯನ್ನು ಕೈಬಿಟ್ಟರೆ ಉಳಿಯುವುದು ಅಲಂಕಾರ ಮಾತ್ರ.

ಆದುದರಿಂದ ಈ ಚಿತ್ರದ ಯೋಗ್ಯತೆಯನ್ನು ಎರಡು ಮಾತುಗಳಲ್ಲಿ ಹೇಳಬಹುದು. ಸ್ಮೃತಿಯನ್ನು ಶೋಕಕ್ಕೆ ಅಧೀನಗೊಳಿಸಿದ್ದರಿಂದ ಅದು ಕಲೆಯಾಯಿತು. ಶೋಕಕ್ಕೆ ಪಾತ್ರರಾದವರನ್ನು ನಾಲ್ವರಿಗೆ ಮಿತಗೊಳಿಸಿದ್ದರಿಂದ ಅದು ಮಹಾಕಲೆಯಾಗದೆ ನಿಂತಿತು. 1995ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರಸಂಚಯಕ್ಕೆ ಅದನ್ನು ಸೇರಿಸಿರುವುದು ಉಚಿತವೇ. ನಮ್ಮ ಮಾಸಪತ್ರಿಕೆಗಳಿಗೂ ಬಾಲ್ಯದ ನೆನಪು, ಊರಿನ ನೆನಪು, ಹಳೆಯ ಹೋಟೆಲಿನ ನೆನಪು ಎಂದು ಬರುವ ಲೇಖನಗಳು ಕಡಮೆಯಲ್ಲ. ಅವುಗಳನ್ನು ಬರೆಯುವವರು ಈ ಚಿತ್ರದಿಂದ ಕಲಿಯತಕ್ಕ ಪಾಠವೊಂದುಂಟು. ದೀಪವು ಎಷ್ಟು ಚೆನ್ನಾಗಿ ಉರಿಯುತ್ತಿದ್ದಿತೆಂಬುದನ್ನು ಹೇಳಿ ಮುಗಿಸಿದ ಮೇಲೆ, ಆ ಬೆಳಕಿನ ಆಚೆಯಲ್ಲಿ ಯಾರು ನಿಂತಿದ್ದರೆಂಬುದನ್ನೂ ಲೇಖಕನು ಒಮ್ಮೆ ಕೇಳಿಕೊಳ್ಳಬೇಕು.