ಮೊದಲ ಮೆಟಲ್ ಡಿಟೆಕ್ಟರ್: ಕಡಿಮೆ ಹಣದಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ, ಜಮೀನಿನ ಒಡೆಯರ ಅನುಮತಿ ಪಡೆದು, ಮಣ್ಣಿನಲ್ಲಿ ಹುದುಗಿದ ನಾಣ್ಯ, ಗುಂಡಿ, ಬಕಲ್‌ಗಳನ್ನು ಮೆಟಲ್ ಡಿಟೆಕ್ಟರಿನಿಂದ ಹುಡುಕುವ ಹವ್ಯಾಸವು ಆ ದೇಶದ ಇತಿಹಾಸದ ಅಧ್ಯಯನಕ್ಕೆ ಒದಗಿಸಿರುವ ಸಾಮಗ್ರಿ ಅಪಾರವಾದುದು. 1997ರಲ್ಲಿ ಆರಂಭವಾದ ‘ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್’, ಅಂದರೆ ಸಾರ್ವಜನಿಕರಿಗೆ ಸಿಕ್ಕ ಪುರಾತನ ವಸ್ತುಗಳನ್ನು ದಾಖಲಿಸುವ ವ್ಯವಸ್ಥೆ, ಇದುವರೆಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರವನ್ನು ಕಲೆಹಾಕಿದ್ದು, ಅವುಗಳಲ್ಲಿ ಬಹುಪಾಲು ಇಂಥ ಹವ್ಯಾಸಿಗಳಿಗೆ ಸಿಕ್ಕವೇ ಆಗಿವೆ. ಹೀಗಿರುವಾಗ 200ರಿಂದ 300 ಪೌಂಡಿನೊಳಗೆ ಮೊದಲ ಉಪಕರಣವನ್ನು ಕೊಳ್ಳಹೊರಟ ಹೊಸಬರು ಏನನ್ನು ನೋಡಿ ಆಯ್ಕೆ ಮಾಡುತ್ತಾರೆಂಬುದು ವಿಚಾರಕ್ಕೆ ಅರ್ಹವಾದ ಸಂಗತಿ. ಬಹಳಷ್ಟು ಮಂದಿ ಮೊದಲು ಕೇಳುವುದು ಉಪಕರಣ ಎಷ್ಟು ಆಳಕ್ಕೆ ಮುಟ್ಟುತ್ತದೆಂದು. ಕೊಳ್ಳುವಾಗ ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ ಅದೇ ಎಂಬುದು ಈ ಬರಹದ ನಿಲುವು.

ಈ ಬೆಲೆಯ ಉಪಕರಣಗಳೆಲ್ಲ ಹೆಚ್ಚುಕಡಿಮೆ ಒಂದೇ ತತ್ತ್ವದ ಮೇಲೆ ನಡೆಯುತ್ತವೆ. ಕೋಲಿನ ತುದಿಯ ತಟ್ಟೆಯೊಳಗೆ ತಂತಿಯ ಎರಡು ಸುರುಳಿಗಳಿದ್ದು, ಒಂದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಗೆ ಕಾಂತಕ್ಷೇತ್ರವನ್ನು ಹರಡುತ್ತದೆ. ಆ ಕ್ಷೇತ್ರಕ್ಕೆ ಸಿಕ್ಕ ಲೋಹದಲ್ಲಿ ಸಣ್ಣ ಸುಳಿಪ್ರವಾಹಗಳು ಹುಟ್ಟಿ, ಅವುಗಳಿಂದ ಮರಳುವ ಸಂಕೇತವನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಮರಳುವ ಸಂಕೇತ ಎಷ್ಟು ತಡವಾಯಿತು ಎಂಬುದರ ಮೇಲೆ ಕೆಳಗಿರುವುದು ಕಬ್ಬಿಣವೋ ತಾಮ್ರವೋ ಬೆಳ್ಳಿಯೋ ಎಂಬ ಊಹೆ ನಿಂತಿದೆ. ಈ ವಿದ್ಯುತ್ತು ಸೆಕೆಂಡಿಗೆ ಎಷ್ಟು ಪೂರ್ಣ ಆವೃತ್ತಿಗಳನ್ನು ಮುಗಿಸುತ್ತದೆ ಎಂಬುದೇ ಆವರ್ತನ. ಅದನ್ನು ಕಿಲೋಹರ್ಟ್ಸ್‌ಗಳಲ್ಲಿ ಹೇಳುತ್ತಾರೆ.

ಆಳದ ಹೆಗ್ಗಳಿಕೆಯನ್ನು ಪಕ್ಕಕ್ಕಿಡಬೇಕಾದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ನಾಣ್ಯವೊಂದನ್ನು ತಟ್ಟೆಯ ಮುಂದೆ ಗಾಳಿಯಲ್ಲಿ ಹಿಡಿದು ಅಳೆದ ದೂರವು ಮಣ್ಣಿನಲ್ಲಿ ಹಾಗೆಯೇ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೇಗಿಲು ತಲೆಮಾರುಗಳಿಂದ ಮಗುಚುತ್ತ ಬಂದ ಮೇಲ್ಪದರದಲ್ಲೇ ಹೊಲದ ಬಹಳಷ್ಟು ವಸ್ತುಗಳು ಸಿಗುತ್ತವೆ, ಮತ್ತು ಅಲ್ಲಿಯವರೆಗೆ ಯಾವ ಸಾಧಾರಣ ಉಪಕರಣವಾದರೂ ಮುಟ್ಟಬಲ್ಲದು. ಅದರ ಕೆಳಗಿನ ಕದಡದ ಪದರದಲ್ಲಿ ವಸ್ತುವಿಗಿಂತ ವಸ್ತು ಬಿದ್ದಿರುವ ನೆಲೆಯೇ ಪುರಾತತ್ತ್ವಜ್ಞರಿಗೆ ಹೆಚ್ಚು ಹೇಳುತ್ತದೆ. ಇಂಗ್ಲೆಂಡಿನಲ್ಲಿ ಹವ್ಯಾಸಿಗಳಿಗೆಂದೇ ರೂಪಿಸಿದ ನೀತಿಸಂಹಿತೆಯೂ ಸಾಧ್ಯವಾದಷ್ಟು ಉಳುಮೆಯ ಆಳವನ್ನು ಮೀರಬೇಡಿರೆಂದೇ ಹೇಳುತ್ತದೆ. ಹಾಗಾಗಿ ಆಳಕ್ಕೆಂದು ತೆತ್ತ ಹೆಚ್ಚುವರಿ ಹಣ, ಇಳಿಯಬಾರದ ಕಡೆಗೆ ಇಳಿಯಲು ತೆತ್ತ ಹಣವಾಗುತ್ತದೆ.

ಹೊಲದಲ್ಲಿ ನಿಜವಾಗಿ ಕಾಡುವುದು ಕಬ್ಬಿಣ ಮತ್ತು ಮಣ್ಣು. ಹಳೆಯ ಮನೆ, ಬೇಲಿ, ಗಾಡಿಗಳಿಂದ ಉದುರಿದ ತುಕ್ಕು ಮೊಳೆಗಳ ನಡುವೆ ಬೆಳ್ಳಿಯ ಸಣ್ಣ ಚೂರಿನ ಸಂಕೇತ, ಜಾತ್ರೆಯ ಗದ್ದಲದಲ್ಲಿ ಮಗುವಿನ ದನಿ ಮುಳುಗಿದಂತೆ ಮುಳುಗಿಹೋಗುತ್ತದೆ. ಮೊಳೆಯ ಸಂಕೇತ ಮುಗಿದ ಮೇಲೆ ಮುಂದಿನದಕ್ಕೆ ಉಪಕರಣ ಎಷ್ಟು ಬೇಗ ಸಿದ್ಧವಾಗುತ್ತದೆ ಎಂಬುದು ಇಲ್ಲಿ ನಿರ್ಣಾಯಕ. ಹದಿಮೂರನೆಯ ಶತಮಾನದ ಇಂಗ್ಲಿಷ್ ಪೆನ್ನಿ ಸುಮಾರು ಒಂದೂಕಾಲು ಗ್ರಾಮಿನಿಂದ ಒಂದೂವರೆ ಗ್ರಾಮಿನವರೆಗೆ ತೂಗುವ ತೆಳುವಾದ ಬೆಳ್ಳಿ ಬಿಲ್ಲೆ. 1279ರಿಂದೀಚೆಗೆ ಮೊದಲನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ ದುಂಡನೆಯ ಅರೆ ಮತ್ತು ಕಾಲು ನಾಣ್ಯಗಳು ವಾಡಿಕೆಗೆ ಬರುವ ಮುನ್ನ, ಚಿಲ್ಲರೆಗಾಗಿ ಆ ಬಿಲ್ಲೆಯನ್ನೇ ಅದರ ಮೇಲಿನ ಶಿಲುಬೆಯ ಗೆರೆಗಳ ಗುಂಟ ಎರಡಾಗಿ, ನಾಲ್ಕಾಗಿ ಕತ್ತರಿಸುತ್ತಿದ್ದರು. ಹಾಗೆ ಕತ್ತರಿಸಿದ ಕಾಲುಭಾಗ ಉಗುರಿನಷ್ಟೂ ಇರುವುದಿಲ್ಲ, ಅದರ ತೂಕ ಅರ್ಧ ಗ್ರಾಮಿಗಿಂತ ಕಡಿಮೆ. ಇಂಥ ಚೂರಿಗೆ ಕಡಿಮೆ ಆವರ್ತನದ ಉಪಕರಣ ಮಂದವಾಗಿ ಸ್ಪಂದಿಸಿದರೆ, ತುಸು ಹೆಚ್ಚಿನ ಆವರ್ತನದ್ದು ಸ್ಪಷ್ಟವಾಗಿ ಸ್ಪಂದಿಸುತ್ತದೆ. ಹಳ್ಳಿಯ ಸಂತೆಯಲ್ಲಿ ಕೈಯಿಂದ ಕೈಗೆ ಸಾಗಿದ ಈ ಚಿಲ್ಲರೆಯೇ ಜನಸಾಮಾನ್ಯರ ಬದುಕಿನ ಸಾಕ್ಷಿಯಾಗಿರುವುದರಿಂದ, ಇದನ್ನು ದಾಟಿಹೋಗುವ ಉಪಕರಣವನ್ನು ಒಳ್ಳೆಯದೆನ್ನಲು ಬರುವುದಿಲ್ಲ.

ಎರಡನೆಯ ತೊಡಕಾದ ಮಣ್ಣಿಗೆ ಪರಿಹಾರ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನಲ್ಲೇ ಇರುವ ಕಬ್ಬಿಣದ ಖನಿಜಗಳ ಸದ್ದನ್ನು ಕಳೆದು, ಆಯಾ ನೆಲಕ್ಕೆ ಉಪಕರಣವನ್ನು ಹೊಂದಿಸುವ ಸೌಲಭ್ಯ. ಅಗ್ಗದ ಉಪಕರಣಗಳಲ್ಲಿ ಇದನ್ನು ಕಾರ್ಖಾನೆಯಲ್ಲೇ ಒಂದು ಮಟ್ಟಕ್ಕೆ ಗೊತ್ತುಪಡಿಸಿರುತ್ತಾರೆ. ನೆಲ ಸೌಮ್ಯವಾಗಿದ್ದಷ್ಟು ಹೊತ್ತು ಅದು ನಡೆಯುತ್ತದೆ, ಖನಿಜಾಂಶ ಹೆಚ್ಚಾದೊಡನೆ ಬರಿ ಮಣ್ಣಿಗೇ ಸದ್ದು ಮಾಡತೊಡಗುತ್ತದೆ. ಆಗ ಬಳಸುವವರು ಸೂಕ್ಷ್ಮತೆಯನ್ನು ತಗ್ಗಿಸುತ್ತಾರೆ, ಕೊಂಡ ಸಾಮರ್ಥ್ಯದ ಒಂದು ಪಾಲು ಅಲ್ಲಿಗೆ ವ್ಯರ್ಥವಾಗುತ್ತದೆ.

ಈ ಅಳತೆಗೋಲುಗಳಿಂದ ನೋಡಿದರೆ, ಅಮೆರಿಕದ ಬೌಂಟಿ ಹಂಟರ್ ಟ್ರ್ಯಾಕರ್ 4 ಮುಳ್ಳಿನ ಮಾಪಕವುಳ್ಳ ಸರಳ, ಗಟ್ಟಿಮುಟ್ಟಾದ ಉಪಕರಣವಾದರೂ ಕಬ್ಬಿಣ ತುಂಬಿದ ಹೊಲಕ್ಕೆ ಸಾಲದು. 6.5 ಕಿಲೋಹರ್ಟ್ಸ್‌ನ ಗ್ಯಾರೆಟ್ ಏಸ್ 250 ಅನೇಕರ ಮೊದಲ ಉಪಕರಣವಾಗಿ ಹೆಸರು ಗಳಿಸಿದ್ದು, ಅದರ ಬಳಕೆ ಸುಲಭ, ಸದ್ದುಗಳು ಸ್ಪಷ್ಟ. ಆದರೆ ಅದರಲ್ಲೂ ಗ್ರೌಂಡ್ ಬ್ಯಾಲೆನ್ಸನ್ನು ಬದಲಿಸಲಾಗುವುದಿಲ್ಲ. ಟರ್ಕಿಯ ನೋಕ್ಟಾ ಸಂಸ್ಥೆಯ ಸಿಂಪ್ಲೆಕ್ಸ್ 12 ಕಿಲೋಹರ್ಟ್ಸ್‌ನಲ್ಲಿ ನಡೆಯುತ್ತದೆ, ನೆಲಕ್ಕೆ ಹೊಂದಿಸಿಕೊಳ್ಳಬಲ್ಲದು, ನೀರಿಗೆ ಕೆಡುವುದಿಲ್ಲ; ಈ ಬೆಲೆಗೆ ಹಿಂದೆ ಸಿಗದ ಗುಣಗಳನ್ನು ಹೊಸಬರ ಕೈಗೆ ತಂದದ್ದು ಅದರ ನಿಜವಾದ ಸಾಧನೆ, ಹೊಲಕ್ಕೆ ಅದೇ ಮೊದಲ ಆಯ್ಕೆಯಾಗಬೇಕು. ಕಡಲತೀರವೇ ಗುರಿಯಾಗಿರುವವರಿಗೆ ಮಾತ್ರ ಈ ತೀರ್ಪು ಅನ್ವಯಿಸದು: ಉಪ್ಪುನೀರಿನಿಂದ ತೊಯ್ದ ಮರಳು ತಾನೇ ವಿದ್ಯುತ್ ವಾಹಕವಾಗಿರುವುದರಿಂದ ಒಂದೇ ಆವರ್ತನದ ಉಪಕರಣಗಳು ಅಲ್ಲಿ ತಡವರಿಸುತ್ತವೆ, ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಮೈನ್‌ಲ್ಯಾಬ್ ವ್ಯಾಂಕ್ವಿಶ್ 340 ಮೇಲಾಗುತ್ತದೆ.

ಲೋಹದ ಬಗೆಯನ್ನು ಸೂಚಿಸಲು ಪರದೆಯ ಮೇಲೆ ಮೂಡುವ ಅಂಕಿಯ ಬಗೆಗಿನ ಅತಿನಂಬಿಕೆಯೂ ಪರಿಶೀಲನೆಗೆ ಅರ್ಹ. ಬೇಡದ ಲೋಹಗಳ ಸದ್ದನ್ನು ಅಡಗಿಸುವ ಡಿಸ್ಕ್ರಿಮಿನೇಷನ್ ಸೌಲಭ್ಯವನ್ನು ಕಂಪನಿಗಳು ದೊಡ್ಡದಾಗಿ ಸಾರುತ್ತವೆ, ಆದರೆ ತಂಪು ಪಾನೀಯದ ಡಬ್ಬಿಯಿಂದ ಕಿತ್ತ ಅಲ್ಯುಮಿನಿಯಂ ಕೊಂಡಿಯೂ ಚಿನ್ನದ ಉಂಗುರವೂ ಬಹುತೇಕ ಒಂದೇ ಅಂಕಿಯನ್ನು ತೋರಿಸಬಹುದು. ಕೊಂಡಿಯ ಕಾಟ ತಪ್ಪಿಸಲು ಆ ಅಂಕಿಯನ್ನು ಅಡಗಿಸಿದವರು ಉಂಗುರವನ್ನೂ ಅಡಗಿಸಿರುತ್ತಾರೆ. ಆದುದರಿಂದ ಬಗೆಬಗೆಯ ಡಿಸ್ಕ್ರಿಮಿನೇಷನ್ ವಿಧಾನಗಳ ಸಂಖ್ಯೆಗೆ ಹಣ ಕೊಡುವ ಅಗತ್ಯವಿಲ್ಲ.

ಅಗ್ಗದ ಉಪಕರಣದ ಪರವಾಗಿ ಸಾಮಾನ್ಯವಾಗಿ ಮುಂದಿಡುವ ವಾದವೊಂದು 2009ರ ಸ್ಟಾಫರ್ಡ್‌ಶೈರ್ ನಿಧಿಯದು. ಟೆರಿ ಹರ್ಬರ್ಟ್ ಅವರು ಎರಡೂವರೆ ಪೌಂಡಿಗೆ ಕೊಂಡದ್ದೆಂದು ಪತ್ರಿಕೆಗಳಲ್ಲಿ ವರದಿಯಾದ ಹಳೆಯ ಉಪಕರಣದಿಂದ, ಹ್ಯಾಮರ್‌ವಿಚ್ ಗ್ರಾಮದ ಬಳಿಯ ಹೊಲದಲ್ಲಿ, 32,85,000 ಪೌಂಡ್ ಬೆಲೆಕಟ್ಟಲಾದ ಆಂಗ್ಲೋ-ಸ್ಯಾಕ್ಸನ್ ಚಿನ್ನವನ್ನು ಪತ್ತೆಮಾಡಿದರು. ಆದರೆ ನೇಗಿಲು ಮೇಲೆತ್ತಿದ ಚಿನ್ನದ ರಾಶಿಯನ್ನು ಯಾವ ಉಪಕರಣವಾದರೂ ಕಂಡುಹಿಡಿದೀತು. ಒಂಟಿ ಕಾಲು ಪೆನ್ನಿಯ ಪರೀಕ್ಷೆಯಲ್ಲಿ ಆ ಹಳೆಯ ಉಪಕರಣ ಗೆಲ್ಲುತ್ತಿತ್ತೆಂಬುದಕ್ಕೆ ಇದು ಪುರಾವೆಯಲ್ಲ. ಇದಕ್ಕಿಂತ ಹೆಚ್ಚು ಕಲಿಸುವುದು 1992ರ ಹಾಕ್ಸ್‌ನ್ ಪ್ರಸಂಗ. ಸಫೋಕ್ ಪ್ರಾಂತ್ಯದ ಆ ಹಳ್ಳಿಯಲ್ಲಿ ರೈತನೊಬ್ಬ ಕಳೆದುಕೊಂಡ ಸುತ್ತಿಗೆಯನ್ನು ಹುಡುಕಲು ಹೋದ ಎರಿಕ್ ಲಾಸ್, ರೋಮನ್ ನಾಣ್ಯಗಳ ರಾಶಿ ಕಂಡೊಡನೆ ಅಗೆತ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಹೀಗಾಗಿ ಪುರಾತತ್ತ್ವಜ್ಞರು ನಿಧಿಯನ್ನು ಅದರ ಪೆಟ್ಟಿಗೆಯ ಕುರುಹುಗಳ ಸಮೇತ ಕ್ರಮಬದ್ಧವಾಗಿ ಮೇಲೆತ್ತಿದರು.

ಇರುವ ಹಣವನ್ನೆಲ್ಲ ಉಪಕರಣಕ್ಕೇ ಸುರಿಯುವುದು ಜಾಣತನವಲ್ಲ. ಅಗೆದ ಗುಂಡಿಯೊಳಗೆ ವಸ್ತುವಿನ ನೆಲೆಯನ್ನು ಬೆರಳಿಟ್ಟಂತೆ ತೋರಿಸುವ ಪಿನ್‌ಪಾಯಿಂಟರ್, ಒಂದು ಗಟ್ಟಿ ಸನಿಕೆ, ಮಂದ ಸದ್ದನ್ನೂ ಕೇಳಿಸುವ ಹೆಡ್‌ಫೋನ್ ಇವು ಮೂರಕ್ಕೆ ಹಣ ತೆಗೆದಿಡಬೇಕು. ಪಿನ್‌ಪಾಯಿಂಟರ್ ಇಲ್ಲದವರು ಗುಂಡಿಯನ್ನು ದೊಡ್ಡದು ಮಾಡುತ್ತಾರೆ, ಸನಿಕೆಯ ಅಂಚು ಎಷ್ಟೋ ವಸ್ತುಗಳನ್ನು ಗಾಯಗೊಳಿಸುತ್ತದೆ. ಹಣ ಸಾಲದಿದ್ದರೆ ತಟ್ಟೆಯ ವೈರು ಸುಸ್ಥಿತಿಯಲ್ಲಿರುವ ಬಳಸಿದ ಉಪಕರಣವನ್ನು ಕೊಳ್ಳುವುದು ಹೊಸ ಆಟಿಕೆ ಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಕರ್ನಾಟಕದ ಓದುಗರ ಮಟ್ಟಿಗೆ ಈ ವಿಮರ್ಶೆಯಲ್ಲಿ ನೇರವಾಗಿ ಸಲ್ಲುವುದು ಮಣ್ಣಿನ ಮಾತು: ಕರಾವಳಿ, ಮಲೆನಾಡುಗಳ ಜಂಬಿಟ್ಟಿಗೆಯ ನೆಲ ಕಬ್ಬಿಣದ ಆಕ್ಸೈಡಿನಿಂದಲೇ ಕೆಂಪಾಗಿರುವುದರಿಂದ, ಹೊಂದಿಸಲಾಗದ ಉಪಕರಣ ಅಲ್ಲಿ ಇಂಗ್ಲೆಂಡಿಗಿಂತ ಬೇಗ ಸೋಲುತ್ತದೆ. ಆದರೆ ಹವ್ಯಾಸವಾಗಿ ಡಿಟೆಕ್ಟರಿನ ಹುಡುಕಾಟ ಇಲ್ಲಿಗೆ ಸಲ್ಲದು. 1958ರ ಕೇಂದ್ರ ಕಾಯ್ದೆಯಂತೆ ಸಂರಕ್ಷಿತ ಪ್ರದೇಶದಲ್ಲಿ ಪರವಾನಗಿಯಿಲ್ಲದೆ ಅಗೆಯುವಂತಿಲ್ಲ, ನಿಧಿಗೆಂದೇ ರಾಜ್ಯದಲ್ಲಿ 1962ರ ಪ್ರತ್ಯೇಕ ಕಾಯ್ದೆಯಿದೆ, ಮತ್ತು ಸ್ವಂತ ತೋಟದಲ್ಲಿ ಕಳೆದುಹೋದ ಓಲೆಯನ್ನು ಹುಡುಕುವಾಗ ನಿಧಿಯೊಂದು ಎದುರಾದರೂ ಅದನ್ನು ಅಧಿಕಾರಿಗಳಿಗೆ ತಿಳಿಸಲೇಬೇಕಾಗುತ್ತದೆ.